ಮೂವತ್ತೆರಡು ಹೆಬ್ಬೆಟ್ಟು

ಬರುತ್ತೇವೆಂದು ಒಪ್ಪಿದವರು ಮೂವತ್ತೆರಡು ಜನ, ಬಂದು ಲಾರಿ ಹತ್ತಿದವರು ಏಳು. ಉಳಿದ ಇಪ್ಪತ್ತೈದು ಜನ ಏನಾದರು? ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿನಿಂದ ಕುಣಿದಾಡುತ್ತಿದ್ದರು. ಲೆಸಿಯೇಲಿಗೆ ಸಿಟ್ಟಿಗಿಂತ ಮೊದಲು ಕುತೂಹಲ ಬಂತು. ಚಿಕ್ಕಂದಿನಿಂದಲೂ ಅವಳು ಹಾಗೆಯೇ. ‘ಯಾಕೆ’ ಎನ್ನುವ ಹುಳ ಒಮ್ಮೆ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಅದು ಹೊರಬೀಳುವವರೆಗೆ ಊಟ ಸೇರುತ್ತಿರಲಿಲ್ಲ.

ಎಲ್ಲರೂ ಫೋನಿನ ಗುಂಪಿನಲ್ಲಿ ಒಪ್ಪಿದ್ದರು. ‘ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನುಕುಅಲೋಫ ಪಟ್ಟಣದ ಕಚೇರಿ ಮುಂದೆ ಪ್ರತಿಭಟನೆ. ಸೋಮವಾರ ಸಂಜೆ ದಡದಲ್ಲಿ ಅಭ್ಯಾಸ. ಬರುವವರು ತಿಳಿಸಿ’ ಎಂದು ಅವಳು ಬರೆದ ಕಾಲು ಗಂಟೆಯಲ್ಲಿ, ಅವಳದೂ ಸೇರಿ, ಮೂವತ್ತೆರಡು ಒಪ್ಪಿಗೆಯ ಹೆಬ್ಬೆಟ್ಟು ಬಿದ್ದಿದ್ದವು. ಹದಿನಾರು ಹುಡುಗರು, ಹದಿನಾರು ಹುಡುಗಿಯರು. ಹೇಳಿ ಮಾಡಿಸಿದ ಹಾಗಿತ್ತು. ಸೋಮವಾರ ಚರ್ಚಿನ ಲಾರಿ ಶಾಲೆಯ ಗೇಟಿನ ಮುಂದೆ ನಿಂತಾಗ ಮಾತ್ರ ಆರು ಹುಡುಗಿಯರು ಹತ್ತಿದರು, ಇವಳು ಏಳನೆಯವಳು. ಮಿಕ್ಕ ಹುಡುಗಿಯರು ಗೇಟಿನ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಂತರು. ಹುಡುಗರು ಲಾರಿಯ ತನಕ ಬಂದು, ಒಳಗೆ ಇಣುಕಿ, ಇವಳ ಕೈಯಲ್ಲಿದ್ದ ಚೀಟಿ ನೋಡಿ, "ನೀವು ನಡೀರಿ, ನಾವು ಹಿಂದೆ ಬರ್ತೀವಿ" ಎಂದು ನಕ್ಕರು. ಹಿಂದೆ ಬಂದದ್ದು ಲಾರಿಯ ಧೂಳು ಮಾತ್ರ.

ಅಭ್ಯಾಸವೇ ಹೀಗಾದರೆ ಶುಕ್ರವಾರದ ಗತಿಯೇನು? ಈ ಮಕ್ಕಳ ಊರು ಫಂಗಮಾಲಿಯೆ; ಅಲ್ಲಿನ ಹೆಂಗಸರ ಇಡೀ ಬದುಕು ಊರಿನ ಪಕ್ಕದ ಸಮುದ್ರದ ಹಿನ್ನೀರಿನದು. ನೀರಿಳಿದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪು ಆಯುವವರಲ್ಲಿ ಲೆಸಿಯೇಲಿಯ ಅಮ್ಮನೂ ಒಬ್ಬಳು. ಹೊರಗಿನ ಕಂಪನಿಯೊಂದು ಅದರ ದಕ್ಷಿಣದ ಮೂಲೆಯಲ್ಲಿ ಉಪ್ಪುನೀರಿನಲ್ಲೇ ಬೆಳೆದ ಕಾಂಡ್ಲಾ ಕಾಡನ್ನು ಕಡಿದು, ಮಣ್ಣು ತುಂಬಿ, ಗೋದಾಮು ಕಟ್ಟುತ್ತದಂತೆ. ಹೋದ ತಿಂಗಳು ಹೆಂಗಸರೆಲ್ಲ, ದೊಡ್ಡವರ ಮುಂದೆ ಹೋಗುವಾಗಿನ ಪದ್ಧತಿಯಂತೆ, ಸೊಂಟಕ್ಕೆ ಚಾಪೆ ಸುತ್ತಿಕೊಂಡು ಮರ್ಯಾದೆಯಿಂದ ಪಟ್ಟಣದ ಕಚೇರಿಗೆ ಹೋಗಿದ್ದರು. ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಅವರನ್ನೆಲ್ಲ ಒಮ್ಮೆ ನೋಡಿದ.

"ಅಮ್ಮಂದಿರೇ, ನೀವು ನಿನ್ನೆಯವರು. ಗೋದಾಮು ನಾಳೆಯವರಿಗೆ. ನಿಮ್ಮ ಮಕ್ಕಳು ಒಬ್ಬರಾದ್ರೂ ಬೇಡ ಅಂದಿದ್ದಾರಾ? ಅವರು ಬಂದು ನನ್ನ ಮುಂದೆ ನಿಂತು ಹೇಳ್ಲಿ, ಆಮೇಲೆ ನೋಡೋಣ" ಎಂದ. ಈ ಶುಕ್ರವಾರ ಕಳೆದು ಬರುವ ಸೋಮವಾರ ಕಾಗದಕ್ಕೆ ಸಹಿ ಬೀಳುತ್ತದೆ. ಅಷ್ಟರೊಳಗೆ ಮಕ್ಕಳು ಅವನ ಮುಂದೆ ನಿಲ್ಲಬೇಕು. ಅಮ್ಮ ಆ ದಿನ ಮನೆಗೆ ಬಂದು, ಬುಟ್ಟಿ ಮೂಲೆಗಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅದನ್ನು ನೋಡಿಯೇ ಲೆಸಿಯೇಲಿ, "ಮಕ್ಕಳನ್ನ ನಾನು ಕರ್ಕೊಂಡು ಬರ್ತೀನಿ" ಎಂದು ಹೆಂಗಸರ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟದ್ದು. ಹದಿನೇಳು ವರ್ಷಕ್ಕೆ ಮಾತು ಕೊಡುವುದೇನು, ನೀರು ಕುಡಿದಷ್ಟು ಸುಲಭ.

ಮಂಗಳವಾರ ಅವಳು ಶಾಲೆಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದಳು. ಒಬ್ಬನಿಗೆ ಹಲ್ಲು ನೋವು. ಇನ್ನೊಬ್ಬನ ಮನೆಯ ಹಂದಿ ಬೇಲಿ ಮುರಿದು ಓಡಿಹೋಗಿತ್ತು. ಮೂರನೆಯವನು ಅಜ್ಜನ ಗೋರಿಗೆ ಬಿಳಿ ಮರಳು ಹಾಕಬೇಕಿತ್ತಂತೆ. ಸೋಮವಾರ ಸಂಜೆಯೇ ಇಷ್ಟೊಂದು ಹಲ್ಲು, ಹಂದಿ, ಗೋರಿ ಒಟ್ಟಿಗೆ ಕೂಡಿ ಬರಲು ಸಾಧ್ಯವೇ ಎಂದು ಅವಳು ಯೋಚಿಸಿದಳು. ಯಾರೂ ಬರುವುದಿಲ್ಲ ಎನ್ನಲಿಲ್ಲ. "ಶುಕ್ರವಾರ ಖಂಡಿತ" ಎಂದು ಎಲ್ಲರೂ ನಕ್ಕರು. ಎದುರಿಗೆ ನಿಂತವರಿಗೆ ಇಲ್ಲ ಎಂದು ಹೇಳುವ ಒರಟುತನ ಆ ಊರಿನಲ್ಲಿ ಯಾರಿಗೂ ಇಲ್ಲ. ಎಲ್ಲರೂ ಒಳ್ಳೆಯವರೇ, ಕಾಟ ಬಂದದ್ದೇ ಅದರಿಂದ.

"ನೀನಾದ್ರೂ ಹೇಳೋ. ನೀನೂ ಯಾಕೆ ಬರ್ಲಿಲ್ಲ?" ಎಂದು ಅವಳು ಫೆಲೇಟಿಯನ್ನು ಕೇಳಿದಳು.

ಫೆಲೇಟಿ ಅವಳ ತರಗತಿಯವನು, ಅವಳ ಜತೆ ಸೇರಿ ಈ ಕೆಲಸ ಹೊತ್ತವನು, ಮೂರು ಹಳ್ಳಿಗೆ ಸಾಕಾಗುವಷ್ಟು ಬಾಯಿ ಇದ್ದವನು. ಅವರಿಬ್ಬರು ಸೇರಿದರೆ ಬಿಸಿಲಿಗೂ ನಗು ಬರಬೇಕು, ಅಂಥ ಜೋಡಿ. ಪ್ರತಿಭಟನೆಗೆಂದು ಒಂದು ಆಟ ಕಟ್ಟಿದ್ದರು. ಅವನು ಅಧಿಕಾರಿ, ಇವಳು ಹಿನ್ನೀರಿನ ಏಡಿ. ‘ನನ್ನ ಮನೆ ಮೇಲೆ ಮಣ್ಣು ಸುರೀತೀರಂತೆ, ನಾನೆಲ್ಲಿಗೆ ಹೋಗ್ಲಿ ಸಾಹೇಬ್ರೇ?’ ಎಂದು ಏಡಿ ಕೇಳಬೇಕು. ‘ಎಲ್ಲಾದ್ರೂ ಹೋಗು, ನನಗೇನು?’ ಎಂದು ಸಾಹೇಬ ಅನ್ನಬೇಕು. ‘ಹಾಗಾದ್ರೆ ನಿಮ್ಮ ಚಡ್ಡಿಯೊಳಗೇ ಸಂಸಾರ ಹೂಡ್ತೀನಿ’ ಎಂದು ಏಡಿ ಒಳಗೆ ನುಗ್ಗಬೇಕು. ಆಮೇಲೆ ಏಡಿ ಒಳಗೆ ಏನೇನು ಕಚ್ಚಿತು ಎನ್ನುವುದನ್ನು ಎಲ್ಲರೂ ಸೇರಿ ಹಾಡಬೇಕು. ಆ ಹಾಡನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

"ಲೇ ಏಡಿ, ನಾನು ಗೇಟಿನ ತನಕ ಬಂದಿದ್ದೆ. ಹುಡುಗರೆಲ್ಲ ವಾಪಸ್ ಹೊರಟ್ರು. ಹದಿನೈದು ಜನ ಹೋದ ಮೇಲೆ ನಾನೊಬ್ಬ ಲಾರಿ ಹತ್ತಿ ಏಳು ಹುಡುಗೀರ ಮಧ್ಯ ಕೂತ್ರೆ ಊರೋರು ಏನಂತಾರೆ?" ಎಂದ ಫೆಲೇಟಿ.

"ಅವರ್ಯಾಕೆ ಹೊರಟ್ರು ಅಂತ?"

ಅವನು ತಲೆ ಕೆರೆದುಕೊಂಡ. "ನನಗೂ ಸರಿಯಾಗಿ ಗೊತ್ತಿಲ್ಲ ಮಾರಾಯ್ತಿ. ನಿನ್ನ ಚೀಟಿ ನೋಡಿದ ಮೇಲೆ ಹೊರಟ್ರು ಅನ್ನೋದಂತೂ ನಿಜ. ಕೇಳಿದ್ರೆ ಬಾಯೇ ಬಿಡಲ್ಲ. ಪಸಿಮಾತ ಅಜ್ಜೀನ ಕೇಳು. ಊರಲ್ಲಿ ಯಾರು ಸೀನಿದ್ರೂ ಯಾಕೆ ಸೀನಿದ್ರು ಅಂತ ಅವಳಿಗೆ ಗೊತ್ತಿರುತ್ತೆ."

ಇವಳು ಹೋಗಲು ಹೊರಟಾಗ ಅವನು ಹಿಂದಿನಿಂದ ಕೂಗಿದ. "ಅಧಿಕಾರಿ ಕುಂಡಿಗೆ ಇನ್ನೊಂದು ಸಾಲು ಹೊಳೆದಿದೆ ಕಣೇ! ಗುರುವಾರ ಹೇಳ್ತೀನಿ!"

ಲೆಸಿಯೇಲಿ ದಾರಿಯುದ್ದಕ್ಕೂ ನಗುತ್ತ ಹೋದಳು. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅಪ್ಪ ದೂರದ ಉತ್ತರದ ದ್ವೀಪದವನು, ಹಡಗಿನ ಕೆಲಸದವನು. ಅಮ್ಮ ಬೆಳೆದದ್ದು ವವಾಉ ದ್ವೀಪದಲ್ಲಿ. ಫಂಗಮಾಲಿಯೆಯಲ್ಲಿ ಅವರಿಗೆ ನೆಂಟರೆಂಬುವರು ಒಬ್ಬರೂ ಇಲ್ಲ ಎಂದೇ ಅವಳು ತಿಳಿದಿದ್ದಳು. ಹಾಗಾಗಿ ಯಾರ ಮುಂದೆ ಬೇಕಾದರೂ ಬಾಯಿ ತೆರೆದು ನಗುವ ಭಾಗ್ಯ ಆ ಊರಿನಲ್ಲಿ ಅವಳೊಬ್ಬಳಿಗೇ ಇತ್ತು. ಆ ಭಾಗ್ಯದ ಬೆಲೆ ಅವಳಿಗೆ ಗೊತ್ತಿರಲಿಲ್ಲ.

ಪಸಿಮಾತ ಅಜ್ಜಿ ನೇಯ್ಗೆ ಮನೆಯ ಚಾಪೆಯ ಮೇಲೆ ಕಾಲು ಮಡಚಿ ಕೂತು ಕೇದಗೆ ಓಲೆ ಸೀಳುತ್ತಿದ್ದಳು. ಚಿಪ್ಪು ಆಯುವ ಹೆಂಗಸರಿಗೆಲ್ಲ ಹಿರಿಯಳು. ಎಂಬತ್ತು ದಾಟಿದ್ದರೂ ಕಣ್ಣು ಚುರುಕಾಗಿತ್ತು, ನಾಲಿಗೆ ಅದಕ್ಕಿಂತ ಚುರುಕು. ಲೆಸಿಯೇಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಎಲ್ಲಿ ಆ ಚೀಟಿ?" ಎಂದಳು.

ಚೀಟಿಯಲ್ಲಿ ಲಾರಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಬರೆದಿತ್ತು. ಲೆಸಿಯೇಲಿ ಎಲ್ಲೋ ಹೊರದೇಶದ ಪ್ರತಿಭಟನೆಯ ಚಿತ್ರ ನೋಡಿದ್ದಳು. ಅದರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಬ್ಬ ಹುಡುಗ, ಒಬ್ಬಳು ಹುಡುಗಿ, ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಎಷ್ಟು ಚೆಂದ ಎನ್ನಿಸಿ, ಹಾಜರಿ ಪುಸ್ತಕದ ಕ್ರಮದಲ್ಲೇ ಹದಿನಾರು ಜೋಡಿ ಮಾಡಿದ್ದಳು. ಆ ಜೋಡಿಗಳೇ ತೊಡೆಗೆ ತೊಡೆ ತಾಗಿಸಿ ಲಾರಿಯಲ್ಲಿ ಕೂತು, ಜೋಡಿಯಾಗಿ ಏಡಿಯ ಹಾಡು ಹಾಡಬೇಕಿತ್ತು.

ಅಜ್ಜಿ ಒಂದೊಂದೇ ಹೆಸರನ್ನು ಓದಿಸಿಕೊಂಡಳು. ಮೂರನೆಯ ಜೋಡಿಗೆ ಅವಳ ಹೊಟ್ಟೆ ಕುಲುಕತೊಡಗಿತು. ಐದನೆಯದಕ್ಕೆ ಓಲೆ ಸೀಳುವ ಕತ್ತಿ ಕೆಳಗಿಟ್ಟಳು. ಎಂಟನೆಯದಕ್ಕೆ ಕಣ್ಣಲ್ಲಿ ನೀರು ಬಂತು.

"ಅಯ್ಯೋ ನನ್ನ ಕಂದ! ಊರಿನ ಅಣ್ಣತಂಗೀರನ್ನೆಲ್ಲ ಹುಡುಕಿ ಹುಡುಕಿ ಪಕ್ಕಪಕ್ಕ ಕೂರಿಸಿದ್ದೀಯಲ್ಲೇ! ಪಾದ್ರಿ ಬಂದು ಲೆಕ್ಕ ಹಾಕಿದ್ರೂ ಇಷ್ಟು ಸರಿಯಾಗಿ ತಪ್ಪು ಮಾಡೋಕಾಗ್ತಿರ್ಲಿಲ್ಲ."

"ಅಣ್ಣತಂಗೀರಾ? ಇದರಲ್ಲಿ ಒಂದೇ ಮನೆಯವರು ಯಾರೂ ಇಲ್ವಲ್ಲ ಅಜ್ಜಿ. ನಾನು ನೋಡಿಯೇ ಬರೆದಿದ್ದು."

"ಮನೆ ನೋಡಿದೆ, ಅಜ್ಜಿ ತಾತಂದಿರನ್ನ ನೋಡ್ಲಿಲ್ಲ. ಸೆಮಿಸಿ, ಲೂಪೆ ಅಂತ ಬರ್ದಿದ್ದೀಯ. ಇವನ ತಾತ, ಅವಳ ಅಜ್ಜಿ ಒಂದೇ ಹೊಟ್ಟೇಲಿ ಹುಟ್ಟಿದೋರು. ಮತ್ತೆ ಇವರೇನಾದ್ರು?"

ಏನಾದರು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ದೊಡ್ಡಪ್ಪನ ಮಕ್ಕಳಾಗಲಿ, ಸೋದರಮಾವನ ಮಕ್ಕಳಾಗಲಿ, ಅಜ್ಜಿಯ ತಂಗಿಯ ಮೊಮ್ಮಕ್ಕಳಾಗಲಿ, ಅಲ್ಲಿ ಎಲ್ಲರೂ ಅಣ್ಣತಂಗಿ, ಅಕ್ಕತಮ್ಮ. ತರಗತಿಯಲ್ಲಿ ದೂರ ದೂರ ಕೂತು ಪಾಠ ಕೇಳಬಹುದು. ತೊಡೆ ತಾಗಿಸಿ ಕೂರುವಂತಿಲ್ಲ. ಒಬ್ಬರ ಮುಂದೆ ಇನ್ನೊಬ್ಬರು ಪೋಲಿ ಮಾತಾಡುವಂತಿಲ್ಲ, ಪೋಲಿ ಮಾತು ಕಿವಿಗೆ ಬಿದ್ದರೆ ಒಬ್ಬರು ಎದ್ದು ಹೊರಗೆ ಹೋಗಬೇಕು. ಈ ನಿಯಮ ಲೆಸಿಯೇಲಿಗೆ ಗೊತ್ತಿಲ್ಲವೆಂದಲ್ಲ. ಈಜು ಬಾರದವನಿಗೆ ಸಮುದ್ರ ಗೊತ್ತಿರುವಷ್ಟು ಗೊತ್ತಿತ್ತು. ಅದರಲ್ಲಿ ಇಳಿದು ಬದುಕುವ ಪ್ರಸಂಗ ಅವಳಿಗೆ ಯಾವತ್ತೂ ಬಂದಿರಲಿಲ್ಲ.

ಅವಳ ಕಿವಿಯವರೆಗೂ ಕೆಂಪೇರಿತು. ಹುಡುಗರು ಚೀಟಿ ನೋಡಿ ನಕ್ಕದ್ದು, ಹುಡುಗಿಯರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡದ್ದು, ಎಲ್ಲ ಈಗ ಅರ್ಥವಾಯಿತು. ಅಕ್ಕತಂಗಿಯರಿಲ್ಲದ ಫೆಲೇಟಿಗೂ ಅದು ಹೊಳೆದಿರಲಿಲ್ಲ. ಕಾರಣ ಹೇಳುವುದಕ್ಕೂ ಆಗದ ಸಂಕಟ ಅವರದು. ತಂಗಿ ಪಕ್ಕದಲ್ಲೇ ನಿಂತಿರುವಾಗ ‘ಇವಳು ನನ್ನ ತಂಗಿ, ಆ ಹಾಡು ಇವಳ ಮುಂದೆ ಹಾಡೋಕಾಗಲ್ಲ’ ಎಂದು ಹೇಳಿದರೆ, ಆ ಹಾಡಿನಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತು ಎಂದಂತಾಗುತ್ತದೆ. ಹಲ್ಲು ನೋವೇ ವಾಸಿ.

"ಹಾಗಾದ್ರೆ ಹುಡುಗರನ್ನ ಬೇರೆ ಕರ್ಕೊಂಡು ಹೋಗ್ತೀನಿ. ಹಾಡೂ ಬೇಡ. ಆಗ ಬರ್ತಾರಾ?"

"ಕೂರೋಕೆ ಜಾಗ ಕೊಟ್ಟ ಮಾತ್ರಕ್ಕೆ ಬರ್ತಾರೇನೇ? ಶುಕ್ರವಾರ ಫುಟ್ಬಾಲ್ ಬೇರೆ ಇದೆ." ಅಜ್ಜಿ ಮತ್ತೆ ಕತ್ತಿ ಎತ್ತಿಕೊಂಡು ಒಂದು ಓಲೆಯನ್ನು ಉದ್ದಕ್ಕೆ ಸೀಳಿದಳು. "ನೀನು ಚೀಟಿ ಹಿಡ್ಕೊಂಡು ಕೇಳಿದ್ರೆ ಹೂಂ ಅಂತಾರೆ. ಅವರವರ ಅಕ್ಕ ತಂಗೀರು ಕೇಳಿದ್ರೆ ಬರ್ತಾರೆ. ಅಕ್ಕ ಕೇಳಿದ್ದನ್ನ ಆಗಲ್ಲ ಅಂದ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹುಡುಗೀರನ್ನ ಕೂರಿಸ್ಕೋ. ಯಾವ ಹುಡುಗನಿಗೆ ಯಾರು ಅಕ್ಕ ಅಂತ ನಾನು ಹೇಳ್ತೀನಿ, ಬರ್ಕೋ."

ಲೆಸಿಯೇಲಿಯ ಮೈಯೆಲ್ಲ ಕಿವಿಯಾಯಿತು. ತನ್ನ ಕೆಲಸ ಕೆಡಿಸಿದ ಅದೇ ನಿಯಮವೇ ಕೆಲಸ ಮಾಡಿಕೊಡುತ್ತದೆಂದರೆ! ಅವಳು ಚೀಟಿಯ ಹಿಂಬದಿಯಲ್ಲಿ ಬರೆಯತೊಡಗಿದಳು. ಅಜ್ಜಿ ಒಬ್ಬೊಬ್ಬ ಹುಡುಗನ ಹೆಸರಿಗೂ ಕಣ್ಣು ಮುಚ್ಚಿ, ಮೂರು ತಲೆಮಾರು ಮೇಲೆ ಹತ್ತಿ, ಇನ್ನೊಂದು ಕೊಂಬೆಯಿಂದ ಇಳಿದು ಬಂದು ಒಬ್ಬಳು ಹುಡುಗಿಯ ಹೆಸರು ಹೇಳುತ್ತಿದ್ದಳು. ಮಧ್ಯೆ ಮಧ್ಯೆ ಯಾರ ತಾತ ಯಾರ ದೋಣಿ ಕದ್ದ, ಯಾರ ಅಜ್ಜಿ ಮದುವೆಯ ದಿನ ಓಡಿಹೋದಳು ಎನ್ನುವುದೂ ಬರುತ್ತಿತ್ತು. ಇಷ್ಟು ದಿನ ಬರೀ ಸಹಪಾಠಿಗಳಾಗಿದ್ದವರು ಒಂದೇ ಬಲೆಯ ಗಂಟುಗಳಾಗಿ ಕಾಣತೊಡಗಿದರು. ಲೆಸಿಯೇಲಿಗೆ ಸಣ್ಣದಾಗಿ ಹೊಟ್ಟೆಕಿಚ್ಚೂ ಆಯಿತು. ಈ ಬಲೆಯಲ್ಲಿ ತನ್ನದೊಂದು ಗಂಟಿಲ್ಲ.

ಹದಿನೈದು ಹುಡುಗರಿಗೆ ಹದಿನೈದು ಅಕ್ಕತಂಗಿಯರು ಸಿಕ್ಕಿದರು. ಕೆಲವರಿಗೆ ಇಬ್ಬಿಬ್ಬರು.

"ಫೆಲೇಟಿ ಒಬ್ಬ ಉಳಿದ. ಬಿಡಿ ಅಜ್ಜಿ, ಅವರ ಮನೇಲಿ ನಾಲ್ಕೂ ಗಂಡೇ. ಅವನಿಗೆ ಯಾರೂ ಇಲ್ಲ. ಹೇಗೂ ನಾನು ಕರೆದ್ರೆ ಬರ್ತಾನೆ" ಎಂದಳು ಲೆಸಿಯೇಲಿ.

ಅಜ್ಜಿ ಕತ್ತಿ ಕೆಳಗಿಟ್ಟಳು. ಓಲೆಯ ಸಿಂಬೆಯನ್ನು ಪಕ್ಕಕ್ಕೆ ಸರಿಸಿದಳು.

"ಇದ್ದಾಳೆ" ಎಂದಳು. "ಇಲ್ಲೇ ಕೂತಿದ್ದಾಳೆ."

ಲೆಸಿಯೇಲಿ ನಗಲು ಹೋದಳು. ಅಜ್ಜಿಯ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

"ಏನನ್ನ ಕಂಡ್ರೂ ಯಾಕೆ ಯಾಕೆ ಅಂತ ಕೇಳ್ತೀಯಲ್ಲ ನೀನು. ನಿನ್ನಮ್ಮ ವವಾಉದಲ್ಲಿ ಬೆಳೆದೋಳು, ನಿನ್ನಪ್ಪ ಉತ್ತರದೋನು, ಇಷ್ಟೆಲ್ಲ ಊರು ಬಿಟ್ಟು ಈ ಕೆಸರಿಗೇ ಯಾಕೆ ಬಂದು ಮನೆ ಕಟ್ಟಿದ್ರು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ನಿಜಕ್ಕೂ ಕೇಳಿರಲಿಲ್ಲ.

"ನಿನ್ನಮ್ಮ ಹುಟ್ಟಿದ್ದು ಇಲ್ಲೇ. ಮಕ್ಕಳಿಲ್ಲದ ನೆಂಟರು ವವಾಉದಿಂದ ಬಂದು ಕೇಳಿದ್ರು. ಎದೆ ಹಾಲು ಬಿಟ್ಟ ಕೂಡ್ಲೆ ಕೊಟ್ಟುಬಿಟ್ರು. ಹೆತ್ತೋಳು ಫೆಲೇಟಿಯ ತಾತನ ಒಡಹುಟ್ಟಿದ ತಂಗಿ. ಅವಳು ಸತ್ತು ಇಪ್ಪತ್ತು ವರ್ಷ ಆಯ್ತು. ನಿನ್ನಮ್ಮನಿಗೆ ಎಲ್ಲ ಗೊತ್ತು. ಸಾಕಿದ ತಾಯಿ ಇನ್ನೂ ಬದುಕಿದ್ದಾಳಲ್ಲ, ಆ ಮುದುಕಿಗೆ ನೋವಾಗಬಾರ್ದು ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದಾಳೆ. ನಮ್ಮ ವಯಸ್ಸಿನ ಐದಾರು ಜನಕ್ಕೂ ಗೊತ್ತು. ನಾವೂ ಸುಮ್ಮನಿದ್ವಿ."

ಫೆಲೇಟಿ ಬೇಲಿಯ ಹತ್ತಿರ ಬಂದು ಹರಟೆಗೆ ನಿಂತಾಗಲೆಲ್ಲ ಅಮ್ಮ ಏನಾದರೊಂದು ಕೆಲಸ ಹೇಳಿ ಇವಳನ್ನು ಒಳಗೆ ಕರೆಯುತ್ತಿದ್ದಳು. ಅಮ್ಮನಿಗೆ ಅವನನ್ನು ಕಂಡರಾಗದು ಎಂದು ಇವಳು ಅಂದುಕೊಂಡಿದ್ದಳು.

"ಅವನಿಗೆ ಹೇಳದೇ ಇದ್ರೆ?" ಲೆಸಿಯೇಲಿಯ ದನಿ ಸಣ್ಣದಾಗಿತ್ತು. "ಶುಕ್ರವಾರ ಮುಗಿಯೋ ತನಕ? ನಮ್ಮ ಆಟ ಇದ್ರೇನೇ ಅಜ್ಜಿ ಜನ ನಿಂತು ನೋಡೋದು."

"ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಅವನ ಹತ್ತಿರ ಬಾಯಿ ಬಿಡಲ್ಲ. ಆದ್ರೆ ಒಂದು ತಿಳ್ಕೋ. ತಮ್ಮನ ಚಡ್ಡಿ ವಿಷಯ ಅಕ್ಕ ಊರ ಮುಂದೆ ಹಾಡ್ತಾ ನಿಂತ್ರೆ ಗೊತ್ತಿರೋ ನಾವು ಐದಾರು ಜನ ಅಲ್ಲಿ ನಿಂತಿರೋಕಾಗಲ್ಲ. ಎದ್ದು ಹೋಗ್ಬೇಕಾಗುತ್ತೆ. ನಾವು ಹೋದ್ರೆ ಉಳಿದೋರೂ ಯಾಕೆ ಅಂತ ಕೇಳ್ತಾರೆ. ನಾಳೆ ಆ ಹುಡುಗ ಮುಖ ಎಲ್ಲಿಟ್ಕೋತಾನೆ?"

ಬುಧವಾರ ಹುಡುಗಿಯರ ಸಭೆ ಸೇರಿತು. ಲೆಸಿಯೇಲಿ ಅಜ್ಜಿ ಹೇಳಿದ ಪಟ್ಟಿ ಓದಿದಳು. ಲೂಪೆ ನಿಟ್ಟುಸಿರು ಬಿಟ್ಟು, "ಸದ್ಯ, ಯಾರೋ ಒಬ್ಬರು ಹೇಳಿದ್ರಲ್ಲ! ಆ ಚೀಟಿ ನೋಡಿ ನನಗೆ ಭೂಮಿ ಬಾಯಿಬಿಡಬಾರ್ದಾ ಅನ್ನಿಸಿತ್ತು ಕಣೇ" ಎಂದಳು. ಎಲ್ಲರೂ ನಕ್ಕರು. ಕೇಳುತ್ತೇವೆಂದು ಎಲ್ಲರೂ ಒಪ್ಪಿದರು. ಒಪ್ಪಿದರೆಂದರೆ ಏನರ್ಥ ಎಂಬ ಅನುಮಾನ ಲೆಸಿಯೇಲಿಗೆ ಈಗ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಾರ ಎದೆಯ ಮೇಲೆ ಕೂತಿತ್ತು. ಹದಿನೈದು ಜನರಿಗೆ ಕೇಳಿ ಎಂದು ಹೇಳಿ ಕಳಿಸಿದವಳು ತಾನೊಬ್ಬಳು ಬಾಯಿ ಮುಚ್ಚಿಕೊಂಡು ಕೂರುವುದೇ?

ಅವಳು ಒಂದು ದಿನವಿಡೀ ತನ್ನೊಳಗೇ ಜಗಳವಾಡಿದಳು. ಹೇಳದಿದ್ದರೆ ಫೆಲೇಟಿ ಫೆಲೇಟಿಯಾಗಿಯೇ ಇರುತ್ತಾನೆ. ಹೇಳಿದರೆ ತಮ್ಮ ಸಿಗುತ್ತಾನೆ. ಒಬ್ಬ ತಮ್ಮನಿರಲಿ ಎಂದು ಅವಳು ಎಷ್ಟು ಸಲ ಪ್ರಾರ್ಥನೆಯಲ್ಲಿ ಕೇಳಿರಲಿಲ್ಲ? ಕೇಳಿದ್ದು ಬಂದಿತ್ತು. ಬರುವಾಗ ಅವಳಿಗಿದ್ದ ಒಬ್ಬನೇ ಗೆಳೆಯನನ್ನು ಎತ್ತಿಕೊಂಡು ಹೋಗಲು ನಿಂತಿತ್ತು.

ಗುರುವಾರ ಮಧ್ಯಾಹ್ನ ಫೆಲೇಟಿ ದಡದ ಕಟ್ಟೆಯ ಮೇಲೆ ಕೈಮೈಕು ಹಿಡಿದು ಕಾಯುತ್ತಿದ್ದ. ಇವಳನ್ನು ದೂರದಿಂದಲೇ ಕಂಡು ಮೈಕಿನಲ್ಲಿ ಕೂಗಿದ. "ಬಂತು ಬಂತು, ಏಡಿ ಬಂತು! ಚಡ್ಡಿ ಬಿಗಿಯಾಗಿ ಹಿಡ್ಕೊಳ್ಳಿ ಮಹಾಜನಗಳೇ!" ಕೆಸರಿನಲ್ಲಿ ಬಗ್ಗಿ ನಿಂತಿದ್ದ ಇಬ್ಬರು ಹೆಂಗಸರು ತಲೆ ಎತ್ತಿ ನಕ್ಕರು.

"ಕೇಳು, ಹೊಸ ಸಾಲು. ಅಧಿಕಾರಿ ಕೂತ್ಕೊಳೋಕೆ ಹೋಗ್ತಾನೆ, ಆಗ ಏಡಿ—"

"ಫೆಲೇಟಿ, ನಿಲ್ಸು."

"ಪೂರ್ತಿ ಕೇಳೇ. ಏಡಿ ಏನು ಮಾಡುತ್ತೆ ಅಂದ್ರೆ—"

"ನಿನ್ನ ತಾತನಿಗೆ ಒಬ್ಬ ತಂಗಿ ಇದ್ಲು. ಅವಳು ಒಂದು ಹೆಣ್ಣುಮಗೂನ ವವಾಉಗೆ ಕೊಟ್ಟಿದ್ಲು."

"ಇದ್ಲು. ನಮ್ಮಪ್ಪ ಹೇಳ್ತಿರ್ತಾರೆ. ಅದಕ್ಕೂ ಏಡಿಗೂ ಏನು ಸಂಬಂಧ? ಆ ಮಗೂನೂ ಆಟಕ್ಕೆ ಸೇರಿಸೋಣ ಅಂತೀಯಾ?" ಅವನು ಇನ್ನೂ ನಗುತ್ತಲೇ ಇದ್ದ.

"ಆ ಮಗು ನಮ್ಮಮ್ಮ."

ನಗು ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು, ಹೇಳಿ ಹೋಗುವುದನ್ನು ಮರೆತ ನೆಂಟನ ಹಾಗೆ. ಆಮೇಲೆ ಅವನು ಲೆಕ್ಕ ಹಾಕಿದ. ಆ ಊರಿನ ಮಕ್ಕಳಿಗೆ ಈ ಲೆಕ್ಕ ಕಲಿಸಬೇಕಾಗಿಲ್ಲ. ಕಣ್ಣು ತಾನಾಗಿಯೇ ನೆಲಕ್ಕಿಳಿಯಿತು. ಒಂದು ಹೆಜ್ಜೆ ಹಿಂದೆ ಸರಿದ. ಮೈಕನ್ನು ಅವಳ ಕೈಗೆ ಕೊಡಲು ಬಂದವನು, ಕೊಡದೆ, ಬಗ್ಗಿ ಕಟ್ಟೆಯ ಮೇಲಿಟ್ಟ.

"ಯಾರು ಹೇಳಿದ್ರು?"

"ಪಸಿಮಾತ ಅಜ್ಜಿ."

"ಹಾಗಾದ್ರೆ ನಿಜ."

"ಮೂರು ತಿಂಗಳಿಗೆ ನಾನು ದೊಡ್ಡೋಳು" ಎಂದಳು ಲೆಸಿಯೇಲಿ. ಅದನ್ನು ಯಾಕೆ ಹೇಳಿದಳೋ. "ನಾಳೆ ಹತ್ತು ಗಂಟೆಗೆ ಕಚೇರಿ ಮುಂದೆ ಹುಡುಗರು ಬೇಕು. ಇದು ನಾನು ಕೇಳ್ತಿರೋದು."

ಯಾವತ್ತೂ ಮಾತಿಗೆ ಬರಗಾಲವಿಲ್ಲದ ಹುಡುಗ ತಲೆ ತಗ್ಗಿಸಿ, ಕಾಂಡ್ಲಾ ಗಿಡಗಳ ಪಕ್ಕದ ಕಾಲುದಾರಿಯಲ್ಲಿ ನಡೆದು ಹೋಗಿಬಿಟ್ಟ. ಲೆಸಿಯೇಲಿ ಕಟ್ಟೆಯ ಮೇಲೆ ಕೂತು ಅತ್ತಳು. ಚೆನ್ನಾಗಿಯೇ ಅತ್ತಳು. ಕೆಸರಿನಲ್ಲಿದ್ದ ಹೆಂಗಸರು ನೋಡಿಯೂ ನೋಡದವರಂತೆ ಚಿಪ್ಪು ಆಯುತ್ತಿದ್ದರು.

ಶುಕ್ರವಾರ ಎಂಟೂವರೆಗೆ ಲಾರಿ ಬಂತು. ಹದಿನಾರು ಹುಡುಗಿಯರೂ ಶಾಲೆಯ ಉಡುಪಿನಲ್ಲಿ, ಎರಡು ಜಡೆ ಹೆಣೆದು, ಸೊಂಟಕ್ಕೆ ಚಾಪೆ ಸುತ್ತಿ ಬಂದಿದ್ದರು. ಅಮ್ಮಂದಿರು, ಅಜ್ಜಿಯರು ಹತ್ತಿದರು. ಹುಡುಗರು ಒಬ್ಬರೂ ಇರಲಿಲ್ಲ. ಎರಡನೆಯ ಸಲ ಬಂದು ಅವರನ್ನು ಕರೆದುಕೊಂಡು ಹೋಗಲೆಂದು ಲೆಸಿಯೇಲಿ ಲಾರಿಯವನಿಗೆ ಹೇಳಿದ್ದಳು. ಅವನು, "ಯಾರನ್ನಮ್ಮ ಕರ್ಕೊಂಡು ಬರ್ಲಿ? ಬೆಳಿಗ್ಗೆಯಿಂದ ರಸ್ತೇಲಿ ಒಂದು ನರಪಿಳ್ಳೆ ಕಂಡಿಲ್ಲ" ಎಂದ.

"ನೀನು ಕೇಳಿದ್ಯಾ?" ಎಂದು ಲೆಸಿಯೇಲಿ ಲೂಪೆಯನ್ನು ಕೇಳಿದಳು.

"ಕೇಳಿದೆ. ಸೆಮಿಸಿ ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ. ಅಷ್ಟೇ."

ಎಲ್ಲರದ್ದೂ ಅದೇ ಉತ್ತರ. ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು. ಒಬ್ಬನೂ ಬಾಯಿಮಾತಿಗೂ ಬರುತ್ತೇನೆ ಎಂದಿರಲಿಲ್ಲ. ಮುಗಿಯಿತು ಎಂದುಕೊಂಡಳು ಲೆಸಿಯೇಲಿ. ಗೆಳೆಯನೂ ಹೋದ, ಹಿನ್ನೀರೂ ಹೋಯಿತು. ಅಮ್ಮ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡಿದ್ದಳು. ಪಸಿಮಾತ ಅಜ್ಜಿ ಅಮ್ಮನಿಗೆ ಎಲ್ಲ ಹೇಳಿದ್ದಳೆಂದು ಆ ಹಿಡಿತದಲ್ಲೇ ತಿಳಿಯುತ್ತಿತ್ತು.

ಕಚೇರಿಯ ಮುಂದಿನ ಹುಲ್ಲಿನ ಮೇಲೆ ಮೊದಲು ಪ್ರಾರ್ಥನೆ, ಆಮೇಲೆ ಒಂದು ಭಜನೆ ಆಯಿತು. ದೇವರನ್ನು ಕರೆಯದೆ ಜಗಳ ಶುರುಮಾಡುವ ಪದ್ಧತಿ ಅವರಲ್ಲಿಲ್ಲ. ಹತ್ತು ದಾಟಿತು. ಅಧಿಕಾರಿ ಮೆಟ್ಟಿಲ ಮೇಲೆ ಬಂದು ನಿಂತ. ಲೆಸಿಯೇಲಿ ಮೈಕು ಹಿಡಿದು ಮನವಿ ಓದತೊಡಗಿದಳು. ಇಬ್ಬರಿಗೆಂದು ಬರೆದಿದ್ದ ಆಟವನ್ನು ಬಿಟ್ಟು ಹೆಂಗಸರ ನೇರ ಮಾತುಗಳನ್ನೇ ಬರೆದುಕೊಂಡು ಬಂದಿದ್ದಳು. ನಾಲ್ಕನೆಯ ಸಾಲಿಗೆ ದನಿ ನಡುಗಿತು.

ಅಧಿಕಾರಿ ಕೈಯೆತ್ತಿ ತಡೆದ. ಕೆಟ್ಟವನಲ್ಲ, ನಗುನಗುತ್ತಲೇ ಮಾತಾಡಿದ. "ಮಗಳೇ, ಚೆನ್ನಾಗಿ ಓದ್ತೀಯ. ಆದ್ರೆ ನಾನು ಕೇಳಿದ್ದೇನು? ಹೋದ ಸಲ ಅಮ್ಮಂದಿರು ಬಂದ್ರು, ಈ ಸಲ ಅವರ ಹೆಣ್ಣುಮಕ್ಕಳು. ಗಂಡುಮಕ್ಕಳೆಲ್ಲಿ? ಅವರು ಯಾಕೆ ಬರ್ಲಿಲ್ಲ ಗೊತ್ತಾ? ಅವರಿಗೆ ಗೋದಾಮಿನ ಕೆಲಸ ಬೇಕು."

ಉತ್ತರ ಹಿಂದಿನಿಂದ, ಸಮುದ್ರದ ಕಡೆಯ ರಸ್ತೆಯಿಂದ ಬಂತು. ಮೊದಲು ಕೇಳಿಸಿದ್ದು ಕಾಲಿನ ಸಪ್ಪಳ. ಒಬ್ಬರಿಬ್ಬರದಲ್ಲ.

ಹುಡುಗರು ನಡೆದು ಬರುತ್ತಿದ್ದರು. ಅಕ್ಕತಂಗಿಯರು ಕೂತ ಲಾರಿಯಲ್ಲಿ ಕೂರುವಂತಿಲ್ಲ, ಎರಡನೆಯ ಲಾರಿಗೆ ಕಾದರೆ ಹೊತ್ತು ಮೀರುತ್ತದೆ ಎಂದು ಹಿನ್ನೀರನ್ನು ಬಳಸಿ ಕಾಲುದಾರಿ ಹಿಡಿದು ಬೆಳಕು ಹರಿಯುವಾಗಲೇ ಹೊರಟಿದ್ದರು. ಅಂಗಿಗಳೆಲ್ಲ ಬೆವರಿಗೆ ಬೆನ್ನಿಗಂಟಿದ್ದವು. ಸೊಂಟದ ಚಾಪೆ ಮಾತ್ರ ಒಬ್ಬನದೂ ಸಡಿಲವಾಗಿರಲಿಲ್ಲ. ಹದಿನಾರಲ್ಲ, ನಲವತ್ತಕ್ಕೂ ಹೆಚ್ಚು ಜನ. ಒಬ್ಬ ಅಕ್ಕ ಕೇಳಿದ್ದು ಅವಳ ಎಲ್ಲ ತಮ್ಮಂ‌ದಿರಿಗೂ ಕೇಳಿಸಿತ್ತು. ಫುಟ್ಬಾಲ್ ತಂಡವೂ ಪೂರ್ತಿಯಾಗಿ ಬಂದಿತ್ತು. ಎಲ್ಲರ ಮುಂದೆ ಫೆಲೇಟಿ.

ಅವರು ಹುಡುಗಿಯರ ಹತ್ತಿರ ಬರಲಿಲ್ಲ. ಹುಲ್ಲಿನ ಆಚೆ ಬದಿಯಲ್ಲಿ, ಹೆಂಗಸರಿಗೂ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಕಾವಲಿನವರಿಗೂ ನಡುವೆ, ಹೆಂಗಸರಿಗೆ ಬೆನ್ನು ಹಾಕಿ ಸಾಲಾಗಿ ನಿಂತರು.

ಅಧಿಕಾರಿ ಅವರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. "ನಡ್ಕೊಂಡು ಬಂದ್ರಾ ಅಲ್ಲಿಂದ? ಯಾರಪ್ಪಾ ಕರ್ಕೊಂಡು ಬಂದಿದ್ದು ನಿಮ್ಮನ್ನ? ಯಾವ ಪಕ್ಷದೋರು?"

ಫೆಲೇಟಿಗೆ ಇಂಥ ಪ್ರಶ್ನೆ ಸಿಕ್ಕಿದ್ದರೆ ವಾರದ ಹಿಂದೆ ಊರೇ ನಗುವಂಥ ಉತ್ತರ ಕೊಡುತ್ತಿದ್ದ. ಲೆಸಿಯೇಲಿ ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅವನು ತಿರುಗಲಿಲ್ಲ. ಹುಲ್ಲಿನ ಮೇಲೆ ಕಣ್ಣಿಟ್ಟು, ಎಲ್ಲರಿಗೂ ಕೇಳಿಸುವಂತೆ ಹೇಳಿದ.

"ಪಕ್ಷ ಇಲ್ಲ ಸ್ವಾಮಿ. ನಮ್ಮಕ್ಕ ಕರೆದ್ರು."

ಅವನ ಪಕ್ಕದಲ್ಲಿದ್ದ ಸೆಮಿಸಿಯೂ ಹೇಳಿದ. "ನಮ್ಮ ತಂಗಿ ಕರೆದ್ಲು." ಅವನ ಪಕ್ಕದವನೂ ಹೇಳಿದ. ಸಾಲು ಮುಗಿಯುವವರೆಗೆ ಒಬ್ಬೊಬ್ಬನೂ ಅಷ್ಟೇ ಹೇಳಿದ. ಅಧಿಕಾರಿಯ ಮುಖದ ನಗು ಹೋಗಿತ್ತು. ಅವನೂ ಯಾರದೋ ಅಣ್ಣ, ಯಾರದೋ ತಮ್ಮ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದು ಹುಲ್ಲಿನ ತನಕ ಬಂದ. "ಪೂರ್ತಿ ಓದಮ್ಮ, ಕೇಳ್ತೀನಿ" ಎಂದ. "ಸೋಮವಾರ ಸಹಿ ಹಾಕಲ್ಲ."

ಲೆಸಿಯೇಲಿ ಮೊದಲಿನಿಂದ ಓದಿದಳು. ಕಣ್ಣೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ದನಿ ಮಾತ್ರ ನಡುಗಲಿಲ್ಲ. ಇನ್ನು ಮುಂದೆ ಫೆಲೇಟಿ ಬೇಲಿಯ ಹತ್ತಿರ ಬಂದು ನಿಲ್ಲುವುದಿಲ್ಲ, ಅವಳನ್ನು ಹೆಸರು ಹಿಡಿದು ಕೂಗುವುದಿಲ್ಲ, ಅವಳು ಇರುವ ಕಡೆ ನಗಿಸುವ ಮಾತಾಡುವುದಿಲ್ಲ. ಆದರೆ ಇನ್ನು ತಮ್ಮನಾಗಿ ಅವಳ ಮದುವೆಯ ಊಟಕ್ಕೆ ಹಂದಿ ಸುಡುವವನು ಅವನು, ಅವಳ ಮಕ್ಕಳು ಕೇಳಿದ್ದನ್ನು ಕೊಡುವವನು ಅವನು, ಅವಳು ಸತ್ತರೆ ಹೊರುವವನು ಅವನು. ಓದಿ ಮುಗಿಸುವವರೆಗೆ ಅವನು ಅವಳಿಗೆ ಬೆನ್ನು ಹಾಕಿ, ಬಿಸಿಲಿನಲ್ಲಿ, ಒಂದು ಹೆಜ್ಜೆಯೂ ಕದಲದೆ ನಿಂತಿದ್ದ.